ದೇಶದ ಹೆಸರು ನೋಡಿ ಮೆಷಿನ್ ತಗೋಬೇಡ ಅಕ್ಕಾ

ಅಕ್ಕಾ, ಕೈಯಲ್ಲಿ ಮದುವೆ ಬ್ಲೌಸ್‌ಗಳಿದ್ದವು, ಈಗ ಮುಗಿಸಿ ಕೂತೆ. ನೀನು ನಿನ್ನೆ ಹಾಕಿದ ಹೊಲಿಗೆ ಮೆಷಿನ್ ಫೋಟೊ ನೋಡಿದೆ. ಜನೋಮೆ ಜಪಾನ್ ಕಂಪನಿ ಅಂತಾರೆ, ಹಿಂದೆ ನೋಡಿದರೆ ತೈವಾನ್ ಅಂತ ಬರೆದಿದೆ, ಇದು ಡೂಪ್ಲಿಕೇಟಾ ಅಂತ ಕೇಳಿದ್ದೀಯ. ಮಾವ ಬೇರೆ, ತೈವಾನ್ ಚೀನಾ ಮಾಲು ಬೇಡವೇ ಬೇಡ ಅಂದಿದ್ದಾರೆ.

ಡೂಪ್ಲಿಕೇಟ್ ಅಲ್ಲ. ತೈವಾನಿನಲ್ಲಿ ಜನೋಮೆಯವರದ್ದೇ ಫ್ಯಾಕ್ಟರಿ 1969ರಿಂದ ಇದೆ, ಥಾಯ್ಲೆಂಡಿನಲ್ಲೂ ಇದೆ. ಬರ್ನಿನಾ ಸ್ವಿಟ್ಜರ್ಲೆಂಡಿನ ದುಬಾರಿ ಕಂಪನಿ ಅಲ್ವಾ, ಅವರೂ ಥಾಯ್ಲೆಂಡಿನ ಲಾಂಫೂನ್‌ನಲ್ಲಿ ಮೆಷಿನ್ ಮಾಡಿಸುತ್ತಾರೆ. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ದಿನವಿಡೀ ಓಡುವ, ಜಪಾನ್ ಕಂಪನಿ ಜೂಕಿಯ ಮೆಷಿನ್‌ಗಳಲ್ಲೂ ಚೀನಾದಲ್ಲಿ ತಯಾರಾದವು ಇವೆ.

ಮಾವ ಹೇಳುವುದೂ ಪೂರ್ತಿ ಸುಳ್ಳಲ್ಲ. ಅಮ್ಮನ ಕಪ್ಪು ಸಿಂಗರ್ ನೆನಪಿದೆಯಲ್ಲ, ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಆದದ್ದು. ನಂಬರ್ ಪಟ್ಟಿಯಲ್ಲಿ ಇಂಗ್ಲಿಷ್‌ನ ಇ ಅಕ್ಷರದಿಂದ ಶುರುವಾಗುತ್ತದೆ, ಹಾಗಾಗಿ ಗೊತ್ತಾಯಿತು. ಎಂಥ ದೊಡ್ಡ ಫ್ಯಾಕ್ಟರಿ ಅಂದರೆ ಅಲ್ಲಿನ ರೈಲ್ವೆ ಸ್ಟೇಷನ್‌ಗೆ ಇವತ್ತಿಗೂ ಸಿಂಗರ್ ಅಂತಲೇ ಹೆಸರು, ಫ್ಯಾಕ್ಟರಿ 1980ರಲ್ಲೇ ಮುಚ್ಚಿತು. ಆ ಮೆಷಿನ್ ಇವತ್ತಿಗೂ ಜೀನ್ಸ್ ಮಡಿಕೆ ನಾಲ್ಕು ಪದರ ಇಟ್ಟರೂ ಕಚಕ್ ಅಂತ ಹೋಗುತ್ತದೆ. ಆದರೆ ಅದು ಸ್ಕಾಟ್ಲೆಂಡಿನ ಗುಣ ಅಲ್ಲ ಅಕ್ಕಾ, ಅದು ಬೀಡು ಕಬ್ಬಿಣದ ಬಾಡಿ, ಸ್ಟೀಲ್ ಭಾಗಗಳು, ಒಂದೇ ಥರದ ಹೊಲಿಗೆ ಬಿಟ್ಟು ಬೇರೇನೂ ಮಾಡದ ಸರಳ ಮೆಷಿನ್, ಅದಕ್ಕೆ ಉಳಿದಿದೆ. ಅದೇ ಸಿಂಗರ್ ಅಮೆರಿಕದಲ್ಲಿ ಮಾಡಿದ ಟಚ್ ಅಂಡ್ ಸ್ಯೂ ಮಾಡೆಲ್‌ಗಳ ಒಳಗೆ ಪ್ಲಾಸ್ಟಿಕ್ ಗೇರ್ ಇಟ್ಟರು, ವರ್ಷ ಕಳೆದ ಹಾಗೆ ಅವು ಸೀಳಿದವು. ಕಂಪನಿ ಅದೇ, ದೇಶವೂ ದೊಡ್ಡದೇ.

ಇನ್ನೊಂದು ಮಾತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನವರು ಸಿಂಗರ್‌ನ 15ನೇ ನಂಬರ್ ಮಾಡೆಲ್ ಹಿಡಿದು, ಎಲ್ಲ ಫ್ಯಾಕ್ಟರಿಯವರೂ ಒಂದೇ ಅಳತೆಯಲ್ಲಿ ಮಾಡಿದರು, ಒಬ್ಬರ ಬಿಡಿಭಾಗ ಇನ್ನೊಬ್ಬರ ಮೆಷಿನ್‌ಗೆ ಕೂರುವ ಹಾಗೆ. ಆಗ ಜಪಾನ್ ಮಾಲು ಅಂದರೆ ಅಗ್ಗದ ಮಾಲು ಅಂತಿದ್ದರು. ಇವತ್ತು ಅದೇ ಹೆಸರಿಗೆ ಜನ ಜಾಸ್ತಿ ದುಡ್ಡು ಕೊಡುತ್ತಾರೆ. ನಮ್ಮ ಉಷಾ ಕಲ್ಕತ್ತಾದಲ್ಲಿ ಶುರುವಾಗಿದ್ದು 1930ರ ದಶಕದಲ್ಲಿ, ಲೂಧಿಯಾನದಲ್ಲಂತೂ ಮೆಷಿನ್ನೂ ಬಿಡಿಭಾಗವೂ ಸಿಕ್ಕಾಪಟ್ಟೆ ಆಗುತ್ತವೆ. ಅಲ್ಲಿಂದ ಬಂದದ್ದರಲ್ಲಿ ಚೆನ್ನಾಗಿರೋದೂ ನೋಡಿದ್ದೇನೆ, ತೂಕ ಇಲ್ಲದೆ ಗಡಗಡ ಅಲ್ಲಾಡೋದೂ ನೋಡಿದ್ದೇನೆ. ಯಾವ ಬೆಲೆಗೆ ಮಾಡಬೇಕು ಅಂತ ಹೊರಟಿದ್ದಾರೋ ಆ ಥರ ಬರುತ್ತದೆ.

ನನಗೇ ಆಗಿದೆ. ಜಪಾನ್ ಟೆಕ್ನಾಲಜಿ ಅಂತ ಸ್ಟಿಕರ್ ಇತ್ತು ಅಂತ ಒಂದು ಝಿಗ್‌ಜಾಗ್ ಮೆಷಿನ್ ತಂದೆ, ಹೆಸರು ಬೇಡ. ಆರು ತಿಂಗಳಿಗೆ ಗೇರ್ ಹೋಯಿತು, ಬಿಡಿಭಾಗ ಊರಲ್ಲಿ ಎಲ್ಲೂ ಸಿಗಲಿಲ್ಲ, ದೀಪಾವಳಿ ಆರ್ಡರ್ ಪೂರ್ತಿ ಬೇರೆಯವರ ಮನೆಗೆ ಹೋಯಿತು. ಆಗ ಅತ್ತುಬಿಟ್ಟಿದ್ದೆ.

ಅದಕ್ಕೇ ಹೇಳ್ತೀನಿ, ಮೊದಲು ನಿಮ್ಮ ಬೀದಿಯ ಮೆಕ್ಯಾನಿಕ್‌ನ ಕೇಳು, ಈ ಮಾಡೆಲ್ ಬಿಚ್ಚಿದ್ದೀರಾ, ಶಟಲ್, ಬಾಬಿನ್ ಕೇಸ್, ಗೇರ್ ಸಿಗುತ್ತಾ ಅಂತ. ಅಂಗಡಿಗೆ ಹೋಗುವಾಗ ನಿನ್ನದೇ ಬಟ್ಟೆ ತಗೊಂಡು ಹೋಗು, ಅವರು ಕೊಡುವ ಗಂಜಿ ಹಾಕಿದ ತುಂಡಿನ ಮೇಲೆ ಯಾವ ಮೆಷಿನ್ ಆದರೂ ಚೆನ್ನಾಗಿ ಹೊಲಿಯುತ್ತದೆ. ಒಂದು ರೇಷ್ಮೆ ಚೂರು, ಲೈನಿಂಗ್ ಹಾಕಿದ ಬ್ಲೌಸಿನ ತೋಳಿನ ಸಂದು, ಒಂದು ಹಳೆ ಜೀನ್ಸ್. ದಾರ ತೆಗೆದು ಕೈಯಲ್ಲಿ ಚಕ್ರ ನಿಧಾನವಾಗಿ ತಿರುಗಿಸು, ಎಲ್ಲಾದರೂ ಕಚ್ಚಿದರೆ ಗೊತ್ತಾಗುತ್ತದೆ. ಸೂಜಿ ಹಿಡಿಯುವ ಕಂಬಿಯನ್ನು ಬೆರಳಲ್ಲಿ ಹಿಡಿದು ಅಲುಗಿಸಿ, ಸಡಿಲ ಇದೆಯಾ ನೋಡು.

ನೀನು ಹೊಲಿಯೋದು ಬ್ಲೌಸ್, ಫಾಲ್, ಮಕ್ಕಳ ಫ್ರಾಕ್ ಅಷ್ಟೇ ತಾನೆ, ಆ ತೈವಾನ್ ಮೆಷಿನ್ ಸಾಕು ಅನ್ನಿಸುತ್ತೆ. ಆದರೂ ಇವತ್ತೇ ಅಡ್ವಾನ್ಸ್ ಕೊಡಬೇಡ. ಭಾನುವಾರ ಬರ್ತೀನಿ, ಜೀನ್ಸ್ ನಾನೇ ತರ್ತೀನಿ.