‘ಥ್ರೆಡ್’ಗೆ ‘ಎಳೆ’ ಸಾಕೆ? ‘ಜಾಯಿನ್’, ‘ಕ್ಯಾನ್ಸಲ್’ಗಳಿಗೆ ಏನೆನ್ನೋಣ?

ಗೆಳೆಯರೆ,

ಸಿಸ್ಟಂ ಪ್ರೋಗ್ರಾಮಿಂಗ್ ಪದಪಟ್ಟಿಯೊಂದರಲ್ಲಿ ‘ಥ್ರೆಡ್’ ಎದುರು ‘ಎಳೆ’ ಎಂದಷ್ಟೇ ಇದೆ. ಹುರಿಯೊಳಗೆ ಹಲವು ಎಳೆಗಳಿರುವಂತೆ ಒಂದು ಪ್ರೊಸೆಸ್ಸಿನೊಳಗೆ (ಓಡುತ್ತಿರುವ ಪ್ರೋಗ್ರಾಮಿನೊಳಗೆ) ಜೊತೆಜೊತೆಗೆ ಸಾಗುವ ಹಲವು ಕೆಲಸದ ಎಳೆಗಳು; ಪದ ಚೆಂದವಾಗಿದೆ. ತೊಡಕು ಅರ್ಥದಲ್ಲಿ. ಯುನಿಕ್ಸ್ ಬಗೆಯ ವ್ಯವಸ್ಥೆಗಳ ಪಾಸಿಕ್ಸ್ ಮಾನಕಕ್ಕೆ ಥ್ರೆಡ್ ಸೇರಿದ್ದು 1995ರಲ್ಲಿ, ಸಿ ಮತ್ತು ಸಿ ಪ್ಲಸ್ ಪ್ಲಸ್ ಮಾನಕಗಳಿಗೆ 2011ರಲ್ಲಿ. ವಿಂಡೋಸ್, ಜಾವಾಗಳದ್ದು ಬೇರೆಯೇ ದಾರಿ. ಹೆಸರು ಎಲ್ಲೆಡೆ ಒಂದೇ, ವಸ್ತು ಮಾತ್ರ ಒಂದೇ ಅಲ್ಲ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತಾನೇ ಸರದಿ ಕೊಟ್ಟು ಓಡಿಸುವುದನ್ನಷ್ಟೇ ‘ಎಳೆ’ ಎಂದು, ಭಾಷೆಯ ರನ್‌ಟೈಮ್ (ಪ್ರೋಗ್ರಾಮಿನ ಜೊತೆ ಓಡುವ ಭಾಷೆಯ ನೆರವು ಕೋಡು) ಓಡಿಸುವುದಕ್ಕೆ ಬೇರೆ ಪದ ಇಡಬೇಕೆ? ಹಾಗೆಯೇ ‘ಜಾಯಿನ್’ಗೆ ‘ಸೇರಿಸು’, ‘ಕ್ಯಾನ್ಸಲ್’ಗೆ ‘ರದ್ದುಮಾಡು’ ಎಂದಿದೆ. ಇವು ಸರಿಯೆ? ಬಲ್ಲವರು ತಿಳಿಸಿ.

ಉತ್ತರ:

‘ಎಳೆ’ಯನ್ನು ಕರ್ನಲ್ಲಿಗೆ ಕಟ್ಟಿಹಾಕುವುದು ಬೇಡ. ಸಿ ಪ್ಲಸ್ ಪ್ಲಸ್ ಮಾನಕದ ಪ್ರಕಾರ ಥ್ರೆಡ್ ಅಂದರೆ ಪ್ರೋಗ್ರಾಮಿನೊಳಗೆ ನಿಯಂತ್ರಣದ ಒಂದು ಹರಿವು, ಅಷ್ಟೇ. ಸೋಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಂ ಮೊದಲು ಹಲವು ಥ್ರೆಡ್‌ಗಳನ್ನು ಕೆಲವೇ ಕರ್ನಲ್ ಘಟಕಗಳ ಮೇಲೆ ಹಂಚಿ ಓಡಿಸುತ್ತಿತ್ತು, ಆಮೇಲೆ ಒಂದಕ್ಕೊಂದು ಎಂಬ ಲೆಕ್ಕಕ್ಕೆ ಬಂತು. ಪ್ರೋಗ್ರಾಮು ಕರೆಯುವ ಪಾಸಿಕ್ಸ್ ಫಂಕ್ಷನ್ನುಗಳು ಅವೇ ಉಳಿದವು. ಒಳಗಿನ ವ್ಯವಸ್ಥೆ ಬದಲಾದಾಗಲೆಲ್ಲ ಪದ ಬದಲಿಸಲಾದೀತೆ? ಜಾವಾ 21ರಲ್ಲಂತೂ (2023) ಕರ್ನಲ್ ಥ್ರೆಡ್, ರನ್‌ಟೈಮ್ ಓಡಿಸುವ ವರ್ಚುವಲ್ ಥ್ರೆಡ್ ಎರಡೂ ‘ಥ್ರೆಡ್’ ಎಂಬ ಕ್ಲಾಸಿನಡಿಯಲ್ಲೇ ಬರುತ್ತವೆ. ‘ಎಳೆ’ ಒಟ್ಟು ಜಾತಿಯ ಹೆಸರಾಗಿರಲಿ. ಬೇರ್ಪಡಿಸಬೇಕಾದಲ್ಲಿ ‘ಕರ್ನಲ್ ಎಳೆ’, ‘ಹಗುರ ಎಳೆ’ ಎನ್ನಿ.

ಬೇರ್ಪಡಿಸದಿದ್ದರೆ ಓದುಗರ ಲೆಕ್ಕ ತಪ್ಪುವ ಜಾಗವೊಂದಿದೆ. ಸರ್ವರ್ ಬರೆಯುವವರಿಗೆ ಕೊಡುವ ‘ಪ್ರತಿ ಸಂಪರ್ಕಕ್ಕೂ ಒಂದು ಎಳೆ’ ಎಂಬ ಸಲಹೆಯನ್ನೇ ನೋಡಿ. ಲಿನಕ್ಸಿನಲ್ಲಿ ಗ್ಲಿಬ್‌ಸಿ ಲೈಬ್ರರಿ ಒಂದು ಎಳೆಯ ಸ್ಟ್ಯಾಕಿಗೆ (ಫಂಕ್ಷನ್ನುಗಳು ತಮ್ಮ ಒಳಗಿನ ದತ್ತಾಂಶ ಇಡುವ ಮೆಮೊರಿಗೆ) ಸಾಮಾನ್ಯವಾಗಿ 8 ಎಂಬಿ ಕಾದಿರಿಸುತ್ತದೆ. 10,000 ಎಳೆಗಳಿಗೆ 80 ಜಿಬಿ ವಿಳಾಸ ಜಾಗ. ಮುಟ್ಟಿದ ಪುಟಗಳಷ್ಟೇ ನಿಜವಾದ ಮೆಮೊರಿ ತಿನ್ನುತ್ತವೆ, ನಿಜ. ಆದರೆ 32 ಬಿಟ್ ಯಂತ್ರದಲ್ಲಿ ಪ್ರೋಗ್ರಾಮಿಗೆ ಸಿಗುವ 3 ಜಿಬಿ 400 ಎಳೆಗಳಿಗೂ ಸಾಲದು. ಗೋ ಭಾಷೆಯ ಹಗುರ ಎಳೆಯಾದ ಗೋರುಟೀನ್ ಶುರುವಾಗುವುದೇ 2 ಕೆಬಿಯಿಂದ, 10,000ಕ್ಕೆ 20 ಎಂಬಿ. ಹಗುರ ಎಳೆಗೆ ಈ ಸಲಹೆ ಸಲೀಸು, ಕರ್ನಲ್ ಎಳೆಗೆ ಅಪಾಯ. ಕರ್ನಲ್ ಎಳೆಗಳ ನಡುವೆಯೂ ಒಮ್ಮತವಿಲ್ಲ: ವಿಂಡೋಸಿನಲ್ಲಿ 1 ಎಂಬಿ, ಮ್ಯಾಕ್ ಓಎಸ್‌ನಲ್ಲಿ ಮುಖ್ಯ ಎಳೆ ಬಿಟ್ಟು ಉಳಿದವಕ್ಕೆ 512 ಕೆಬಿ, ಲಿನಕ್ಸಿನದೇ ಇನ್ನೊಂದು ಲೈಬ್ರರಿಯಾದ ಮಸಲ್‌ನಲ್ಲಿ 128 ಕೆಬಿ. ಫಂಕ್ಷನ್ನಿನೊಳಗೆ 600 ಕೆಬಿಯ ಅರೇ ಇಟ್ಟ ಕೋಡು ಗ್ಲಿಬ್‌ಸಿ ಇರುವ ಲಿನಕ್ಸಿನಲ್ಲಿ ಓಡಿ ಮ್ಯಾಕಿನಲ್ಲಿ ಬೀಳುವುದು ಇದಕ್ಕೇ. ಎಳೆ ಹುಟ್ಟಿಸುವಾಗಲೇ ಸ್ಟ್ಯಾಕಿನ ಅಳತೆಯನ್ನು ಕೈಯಾರೆ ಕೊಡಬೇಕು. ಪಾಸಿಕ್ಸ್‌ನಲ್ಲಿ ಅದಕ್ಕೆ ದಾರಿಯಿದೆ. ಸಿ ಪ್ಲಸ್ ಪ್ಲಸ್‌ನ ಮಾನಕ ಥ್ರೆಡ್ಡಿನಲ್ಲಿ ಇಲ್ಲ.

‘ಜಾಯಿನ್’ಗೆ ‘ಸೇರಿಸು’ ತಪ್ಪು. ಅಲ್ಲಿ ಏನನ್ನೂ ಬೆಸೆಯುವುದಿಲ್ಲ. ಕರೆದ ಎಳೆ ಇನ್ನೊಂದು ಮುಗಿಯುವ ತನಕ ನಿಂತಿರುತ್ತದೆ. ‘ಮುಗಿಯಲು ಕಾಯು’ ಎನ್ನಿ. ‘ಫಲ ಪಡೆ’ ಎಂದೂ ಬೇಡ: ಪಾಸಿಕ್ಸ್‌ನಲ್ಲಿ ಪಾಯಿಂಟರ್ ಮರಳಿ ಬರುತ್ತದೆ, ಸಿಯಲ್ಲಿ ಪೂರ್ಣಾಂಕ, ಸಿ ಪ್ಲಸ್ ಪ್ಲಸ್‌ನಲ್ಲಿ ಏನೂ ಇಲ್ಲ. ಜೊತೆಪದ ‘ಡಿಟ್ಯಾಚ್’ಗೆ ‘ಕಳಚಿಬಿಡು’ ಹೊಂದುತ್ತದೆ. ಎರಡರಲ್ಲಿ ಒಂದನ್ನು ಮಾಡಲೇಬೇಕು ಎಂಬುದು ಪದದ ವಿವರಣೆಯಲ್ಲಿ ಇರಲಿ. ಮರೆತರೆ ಪಾಸಿಕ್ಸ್‌ನಲ್ಲಿ ಮುಗಿದ ಎಳೆಯ ಮೆಮೊರಿ ಸುಮ್ಮನೆ ಉಳಿದುಬಿಡುತ್ತದೆ; ಸಿ ಪ್ಲಸ್ ಪ್ಲಸ್‌ನಲ್ಲಿ ಥ್ರೆಡ್ ಆಬ್ಜೆಕ್ಟ್ ಅಳಿಯುವ ಕ್ಷಣಕ್ಕೆ ಇಡೀ ಪ್ರೋಗ್ರಾಮೇ ನಿಲ್ಲುತ್ತದೆ.

ಹೆಚ್ಚು ಜಗಳ ಇರುವುದು ‘ಕ್ಯಾನ್ಸಲ್’ನಲ್ಲಿ. ಪಾಸಿಕ್ಸ್‌ನದು ಕೋರಿಕೆ. ಬೇರೆ ಹೇಳದಿದ್ದರೆ, ಗುರಿಯ ಎಳೆ ಮಾನಕ ಗೊತ್ತುಮಾಡಿದ ಕೆಲವು ಫಂಕ್ಷನ್ ಕರೆಗಳನ್ನು ತಲುಪಿದಾಗಷ್ಟೇ ಅದು ಜಾರಿಗೆ ಬರುತ್ತದೆ. ಬರೀ ಲೆಕ್ಕ ಮಾಡುತ್ತ ಸುತ್ತುವ ಲೂಪು ನಿಲ್ಲುವುದೇ ಇಲ್ಲ. ವಿಂಡೋಸಿನ ಟರ್ಮಿನೇಟ್ ಥ್ರೆಡ್ ಕೇಳದೆ ಕೊಲ್ಲುತ್ತದೆ, ಅದು ಹಿಡಿದಿದ್ದ ಬೀಗ (ಒಮ್ಮೆಗೆ ಒಂದೇ ಎಳೆಗೆ ಅವಕಾಶ ಕೊಡುವ ಲಾಕ್) ಹಾಗೇ ಉಳಿದರೆ ಮಿಕ್ಕ ಎಳೆಗಳು ಕಾದು ಕೂರುತ್ತವೆ. ಸಿ ಪ್ಲಸ್ ಪ್ಲಸ್ 2011ರಲ್ಲಿ ಕ್ಯಾನ್ಸಲ್ ಸೌಲಭ್ಯವನ್ನೇ ಸೇರಿಸಲಿಲ್ಲ. 2020ರಲ್ಲಿ ತಂದದ್ದು ಎಳೆ ತಾನೇ ನೋಡಿ ನಿಲ್ಲಬೇಕಾದ ಸೂಚನೆ. ಹಾಗಾಗಿ ಪಾಸಿಕ್ಸ್‌ಗೆ ‘ರದ್ದು ಕೋರು’, ವಿಂಡೋಸಿಗೆ ‘ಕೊಲ್ಲು’, ಸಿ ಪ್ಲಸ್ ಪ್ಲಸ್‌ಗೆ ‘ನಿಲ್ಲಲು ಸೂಚಿಸು’. ಮೂರಕ್ಕೂ ‘ರದ್ದುಮಾಡು’ ಎಂದರೆ ಓದಿದವರು ಬೀಗ ಬಿಡಿಸುವ ಕೋಡನ್ನೇ ಬರೆಯುವುದಿಲ್ಲ.

ಮತ್ತೊಂದು ಉತ್ತರ:

ಮೇಲಿನದೆಲ್ಲ ಒಪ್ಪಿಗೆ. ಒಂದು ಮಾತು ಸೇರಿಸುತ್ತೇನೆ. ‘ಎಳೆ’ ಕ್ರಿಯಾಪದವೂ ಹೌದು. ತೆರೆಯ ಮೇಲಿನ ಗುಂಡಿಯಲ್ಲಿ ಬರೀ ‘ಎಳೆ’ ಎಂದಿದ್ದರೆ ಜನ ಅದನ್ನು ‘ಡ್ರ್ಯಾಗ್ ಮಾಡು’ ಎಂದೇ ಓದುತ್ತಾರೆ. ಪಠ್ಯದಲ್ಲಿ ‘ಎಳೆಯನ್ನು’, ‘ಎಳೆಗೆ’ ಎಂದು ವಿಭಕ್ತಿ ಹತ್ತಿದಾಗ ಗೊಂದಲವಿಲ್ಲ. ಮೆನು, ಗುಂಡಿಗಳಲ್ಲಿ ‘ಎಳೆಗಳು’ ಎಂಬ ಬಹುವಚನ ಬಳಸಿ, ಅದು ಹೊಂದದ ಕಡೆ ‘ಥ್ರೆಡ್’ ಎಂದೇ ಬಿಡಿ.