ಅಪ್‌ಡೇಟ್: ಪಿಎಸ್4 ರಿಪೇರಿನೇ ಮಾಡಿಸಿದೆ

ನನ್ನ ಪಿಎಸ್4 ಸ್ಲಿಮ್ (ಸೋನಿಯ ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ಆನ್ ಆಗುತ್ತೆ, ಬಿಳಿ ಲೈಟೂ ಬರುತ್ತೆ, ಆದರೆ ಟಿವಿಯಲ್ಲಿ ಏನೂ ಕಾಣಲ್ಲ, ರಿಪೇರಿ ಮಾಡಿಸಲಾ ಇಲ್ಲ ಅದರ ಮುಂದಿನ ಮಾದರಿ ಪಿಎಸ್5 ತಗೊಳ್ಳಲಾ ಅಂತ ಕೇಳಿದ್ದೆನಲ್ಲ. ರಿಪೇರಿನೇ ಮಾಡಿಸಿದೆ.

ನೀವು ಹೇಳಿದಂತೆ ಕೇಬಲ್ ಬದಲಾಯಿಸಿದೆ, ಬೇರೆ ಟಿವಿಗೆ ಹಾಕಿದೆ, ಜಪ್ಪಯ್ಯ ಅಂದರೂ ಚಿತ್ರ ಬರಲಿಲ್ಲ. ಕೊನೆಗೆ ಮೊಬೈಲ್ ಟಾರ್ಚ್ ಬಿಟ್ಟು ಎಚ್‌ಡಿಎಂಐ ಪೋರ್ಟ್ (ಟಿವಿ ಕೇಬಲ್ ಚುಚ್ಚುವ ಜಾಗ) ಒಳಗೆ ಇಣುಕಿದರೆ ಪಿನ್‌ಗಳು ಸೊಟ್ಟಗಾಗಿ ಒಂದಕ್ಕೊಂದು ತಗುಲಿಕೊಂಡಿದ್ದವು. ಅಕ್ಕನ ಮಗ ಕೇಬಲ್ ತೆಗೆಯದೇ ಕನ್ಸೋಲ್ ಎಳೆದಿದ್ದನಂತೆ.

ತುಮಕೂರಿನಲ್ಲಿ ಮೊದಲು ಕೇಳಿದ ಅಂಗಡಿಯವರು ಬಿಚ್ಚಿಯೂ ನೋಡದೆ "ಬೋರ್ಡ್ ಹೋಗಿದೆ ಸಾರ್, ಹೊಸದು ತಗೊಳ್ಳಿ" ಅಂದುಬಿಟ್ಟರು. ಆಮೇಲೆ ಬಿ.ಎಚ್. ರಸ್ತೆ ಕಡೆ ಲ್ಯಾಪ್‌ಟಾಪ್ ರಿಪೇರಿ ಮಾಡುವ ಒಬ್ಬರು ಮೈಕ್ರೋಸ್ಕೋಪ್ ಕೆಳಗಿಟ್ಟು ತೋರಿಸಿದರು. ಬೋರ್ಡ್ ಗಟ್ಟಿಯಾಗೇ ಇತ್ತು. ಹಳೇ ಪೋರ್ಟನ್ನು ಬಿಸಿಗಾಳಿಯಲ್ಲಿ ಕಿತ್ತು, ಹೊಸದು ಕೂರಿಸಿ, 19 ಪಿನ್‌ಗಳನ್ನೂ ಒಂದೊಂದಾಗಿ ಬೆಸುಗೆ ಹಾಕಿದರು. ಸುಮ್ನೆ ನೋಡ್ತಾ ನಿಂತಿದ್ದ ನನಗೇ ಕಣ್ಣು ನೋವು ಬಂತು! ಫ್ಯಾನಿನ ಧೂಳು ತೆಗೆದು ಚಿಪ್‌ನ ಬಿಸಿ ಹೊರಹೋಗಲು ಹಚ್ಚುವ ಥರ್ಮಲ್ ಪೇಸ್ಟೂ ಬದಲಾಯಿಸಿದ್ದಾರೆ, ಈಗ ಸದ್ದು ಕಮ್ಮಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆವರೆಗೆ ಹೋಗುವ ಕೆಲಸ ತಪ್ಪಿತು.

ಪಿಎಸ್5 ಡಿಜಿಟಲ್ ಎಡಿಷನ್ ತಗೋ ಅಂದವರಿಗೆ: ಅದರಲ್ಲಿ ಡಿಸ್ಕ್ ಡ್ರೈವ್ ಇರಲ್ಲ, ನನ್ನ ಹತ್ತಿರ ಇರೋದೆಲ್ಲ ಡಿಸ್ಕ್‌ಗಳೇ. ಡ್ರೈವ್ ಇರುವ ಪಿಎಸ್5ನಲ್ಲಿ ಪಿಎಸ್4 ಗೇಮ್‌ಗಳು ಬಹುಪಾಲು ಓಡುತ್ತವೆ ನಿಜ, ಆದರೆ ಒಂದು ಪೋರ್ಟ್ ಕೆಟ್ಟಿದ್ದಕ್ಕೆ ಅಷ್ಟು ದುಡ್ಡು ಸುರಿಯೋದು ಜಾಸ್ತಿ ಆಯ್ತು ಅಲ್ವಾ?

ಮುಂದೆ ಹಾರ್ಡ್ ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸ್ಟೋರೇಜ್) ಹಾಕುವ ಯೋಚನೆ ಇದೆ. ಸೇವ್ ಫೈಲ್‌ಗಳು ಈಗ ಪೆನ್‌ಡ್ರೈವ್‌ಗೆ ಕಾಪಿ ಆಗ್ತಿವೆ.