ಅಪ್‌ಡೇಟ್: ಆಲೂಗಡ್ಡೆ ಕೈಕೊಟ್ಟಿತು, ಬೆಂಡೆಕಾಯಿ ಗೆದ್ದಿತು

ಪ್ರೆಸ್ಸು, ದುಬಾರಿ ಸಾಮಾನು ಇಲ್ಲದೆ ಮನೆಯಲ್ಲೇ ಅಚ್ಚು ಹಾಕುವುದು ಕಲಿಯಬಹುದಾ ಅಂತ ಹೋದ ತಿಂಗಳು ಕೇಳಿದ್ದೆ. ತರಕಾರಿ, ಎಲೆಗಳಿಂದ ಶುರು ಮಾಡಿ ಅಂದಿರಿ. ಮಾಡಿದೆ.

ಮೊದಲ ಆಲೂಗಡ್ಡೆ ಪೂರ್ತಿ ಹಾಳು. ಕತ್ತರಿಸಿದ ಮೇಲೆ ನೀರು ಒರೆಸಿರಲಿಲ್ಲ, ಬಣ್ಣ ಹರಡಿ ರಾಡಿಯಾಯಿತು. ಎರಡನೆಯದರಲ್ಲಿ ‘ಮ’ ಕೆತ್ತಿದೆ, ಕಾಗದದ ಮೇಲೆ ತಿರುಗುಮುರುಗಾಗಿ ಬಂತು! ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ ಅಂತ ಗೊತ್ತಿದ್ದೂ ಮರೆತಿದ್ದೆ. ಈಗ ತೆಳು ಕಾಗದದಲ್ಲಿ ಬರೆದು, ಮಗುಚಿ, ಹಿಂದೆ ಕಾಣುವುದನ್ನು ನೋಡಿ ಕೆತ್ತುತ್ತೇನೆ.

ಬೆಂಡೆಕಾಯಿ ಮಾತ್ರ ಸೂಪರ್. ಮೈಸೂರಿನ ದೇವರಾಜ ಮಾರ್ಕೆಟ್‌ನಿಂದ ತಂದ ಬಲಿತ ಕಾಯಿಯನ್ನು ಅಡ್ಡ ಕತ್ತರಿಸಿದರೆ ಸಾಕು, ಹೂವು ರೆಡಿ. (ಎಳೆಯವು ಪಲ್ಯಕ್ಕೆ ಹೋದವು.) ಬಣ್ಣದಲ್ಲಿ ಅದ್ದಬಾರದು, ಸ್ಪಂಜಿನಿಂದ ತೆಳ್ಳಗೆ ಹಚ್ಚಬೇಕು. ಅರಳಿ ಎಲೆಯಾದರೆ ಬೆನ್ನಿಗೆ ಬಣ್ಣ ಹಚ್ಚಿ, ಮೇಲೆ ಕಾಗದ ಇಟ್ಟು ಚಮಚದಿಂದ ಉಜ್ಜಿದರೆ ನರಗಳೆಲ್ಲ ಮೂಡುತ್ತವೆ.

ಅಮ್ಮನ ಐಡಿಯಾ ಇನ್ನೂ ಚೆನ್ನಾಗಿತ್ತು. ರಂಗೋಲಿ ಚುಕ್ಕಿಯ ಜಾಗದಲ್ಲಿ ಬೆಂಡೆಕಾಯಿ ಅಚ್ಚು, ಸುತ್ತ ಪೆನ್ನಿನ ಎಳೆ. ಗೋಡೆಗೆ ಅಂಟಿಸಿದ್ದೇವೆ.

ಚಿತ್ರ ಬಿಡಿಸುವ ಅಭ್ಯಾಸಕ್ಕೆ ಕಾಗದ ನೋಡದೆ, ವಸ್ತುವನ್ನಷ್ಟೇ ನೋಡುತ್ತಾ ಗೆರೆ ಎಳೆಯಿರಿ ಅಂತಲೂ ಅಂದಿರಲ್ವಾ? ಅದು ಇನ್ನೂ ಕೈಗೆ ಹತ್ತಿಲ್ಲ. ನಮ್ಮ ಬೆಕ್ಕು ಪ್ರತಿ ಸಲ ಈರನಗೆರೆ ಬದನೆಕಾಯಿಯ ಹಾಗೆ ಬರುತ್ತಿದೆ.